‘ಮಿಸ್’ ಆದದ್ದು ಯಾರಿಗೆ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುವ ಇಂಗ್ಲಿಷ್ ಪದ ‘ಮಿಸ್’. ಶಿಕ್ಷಕಿ ‘ಮಿಸ್’, ತಪ್ಪಿದ ಬಸ್ಸು ‘ಮಿಸ್’, ಫೋನು ರಿಂಗಾಗಿ ನಿಂತರೆ ‘ಮಿಸ್ ಕಾಲ್’. ಶಿಕ್ಷಕಿಯನ್ನು ಕರೆಯುವ ‘ಮಿಸ್’ ಹುಟ್ಟಿನಲ್ಲಿ ಬೇರೆಯೇ ಪದ. ಅದು ‘ಮಿಸ್ಟ್ರೆಸ್’ನ ಮೊಟಕು ರೂಪ. ಎಲ್ಲರಿಗೂ ಗೊತ್ತಿರುವ ಪದವೆಂದು ಪಾಠಯೋಜನೆಯ ಹೊಸ ಪದಗಳ ಪಟ್ಟಿಗೆ ಇದು ಸೇರುವುದಿಲ್ಲ. ಬೋಧನಾಭ್ಯಾಸದಲ್ಲಿ ನಾನು ಹೆಚ್ಚು ಹೊತ್ತು ಕಲಿಸಿದ್ದು ಮಾತ್ರ ಇದನ್ನೇ.

ಹನೂರು ಭಾಗದ ಒಂದು ಶಾಲೆಯ ಎಂಟನೇ ತರಗತಿಯಲ್ಲಿ ಈ ಪದ ಬಳಸಿ ವಾಕ್ಯ ಬರೆಯಲು ಹೇಳಿದೆ. ಹಲವರು ‘ಬಸ್ ಮಿಸ್ಡ್’ ಎಂದು ಬರೆದರು. ಒಬ್ಬ ಹುಡುಗಿ ಬರೆದದ್ದು: ‘ಮೈ ಮದರ್ ಈಸ್ ಮಿಸ್ಸಿಂಗ್.’ ಇಂಗ್ಲಿಷಿನಲ್ಲಿ ಓದಿದರೆ ತಾಯಿ ಕಾಣೆಯಾಗಿದ್ದಾಳೆ, ಠಾಣೆಗೆ ದೂರು ಕೊಡಬೇಕು. ಬಳಿಗೆ ಕರೆದು ಮೆಲ್ಲಗೆ ಕೇಳಿದೆ. ತಾಯಿ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಳು. “ಅಮ್ಮ ತುಂಬಾ ಮಿಸ್ ಆಗ್ತಾಳೆ, ಮಿಸ್” ಎಂದಳು.

ಅವಳ ವಾಕ್ಯದ ಹಿಂದೆ ಕನ್ನಡದ ಸರಿಯಾದ ವ್ಯಾಕರಣವಿದೆ. ನಮ್ಮಲ್ಲಿ ಬಸ್ಸು ತಪ್ಪುತ್ತದೆ, ನೆನಪು ಆಗುತ್ತದೆ. ನಾವು ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಲ್ಲುತ್ತೇವೆ. ಇಂಗ್ಲಿಷಿನಲ್ಲಿ ನಾವೇ ಕರ್ತೃ: ‘ಐ ಮಿಸ್ಡ್ ದ ಬಸ್’, ‘ಐ ಮಿಸ್ ಮೈ ಮದರ್’. ತಮಿಳು ಮನೆಮಾತಿನ ಮಕ್ಕಳೂ ‘ಬಸ್ ಮಿಸ್ ಆಯಿಡುಚ್ಚು’ ಎನ್ನುವುದರಿಂದ ಅವರದೂ ಇದೇ ಜಾಡು. ಚೀನೀ ಭಾಷಿಕರ ತೊಡಕು ಬೇರೆ. ಅವರಲ್ಲಿ ಬಸ್ಸು ತಪ್ಪುವುದಕ್ಕೆ ಒಂದು ಪದ, ದೂರದವರಿಗಾಗಿ ಹಂಬಲಿಸುವುದಕ್ಕೆ ಇನ್ನೊಂದು. ಆ ಎರಡನೆಯ ಪದ ‘ಶ್ಯಾಂಗ್’ಗೆ ಯೋಚಿಸು, ಬಯಸು ಎಂಬ ಅರ್ಥಗಳೂ ಇವೆ. ಪದ ಒಂದೇ ಆದರೂ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ಅದರ ಮನೆಮಾತು ತಿಳಿಸುತ್ತದೆ.

ಕಪ್ಪುಹಲಗೆಯಲ್ಲಿ ಎರಡು ಕಂಬಸಾಲು ಮಾಡಿದೆ: ‘ಯಾರಿಗೆ?’, ‘ಏನು ಮಿಸ್ ಆಯ್ತು?’ ‘ಯಾರಿಗೆ’ ಎಂಬುದರ ಉತ್ತರ ಇಂಗ್ಲಿಷ್ ವಾಕ್ಯದ ಮೊದಲಿಗೆ ಬರುತ್ತದೆ. ‘ನನಗೆ’ ಇದ್ದದ್ದು ‘ಐ’ ಆಯಿತು, ‘ಅಕ್ಕನಿಗೆ’ ಇದ್ದದ್ದು ‘ಮೈ ಸಿಸ್ಟರ್’ ಆಯಿತು. ‘ಈಸ್ ಮಿಸ್ಸಿಂಗ್’ ಅನ್ನು ಕಳೆದುಹೋದ ಪೆನ್ನಿಗೆ, ಕಿತ್ತುಹೋದ ಗುಂಡಿಗೆ ಬೇರೆಯಾಗಿ ಇಟ್ಟೆ. ಹದಿನೈದು ನಿಮಿಷದಲ್ಲಿ ತರಗತಿ ತಾನೇ ವಾಕ್ಯ ಕಟ್ಟತೊಡಗಿತು. ಆ ಹುಡುಗಿ ತಾನು ಹೇಳಬೇಕೆಂದಿದ್ದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆದಳು.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಮನವಿ. ಕೆಂಪು ಗೆರೆ ಎಳೆಯುವ ಮುನ್ನ “ಇದನ್ನು ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀರಿ?” ಎಂದು ಕೇಳೋಣ. ಮುಂದಿನ ಪಾಠಕ್ಕೆ ಬೇಕಾದ ಸಾಮಗ್ರಿ ಅನೇಕ ಸಲ ಆ ಉತ್ತರದಲ್ಲೇ ಸಿಗುತ್ತದೆ.