ಆ್ಯರೋಟೌನ್‌ನಿಂದ ಚಿಕ್ಕಪ್ಪನಿಗೆ

ನ್ಯೂಜಿಲೆಂಡ್, ರಾತ್ರಿ ಎರಡು ಗಂಟೆ



ಕ್ಷೇಮವಾಗಿದ್ದೇನೆ. ಚಳಿಗೆ ಚಿಕ್ಕಮ್ಮನ ಶಾಲು ಸಾಕಾಗುತ್ತಿದೆ ಎಂದು ಅವರಿಗೆ ಹೇಳಿ. ನಿದ್ದೆ ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಬೆಟ್ಟ, ಹಳದಿ ಮರಗಳ ಫೋಟೊಗಳನ್ನು ಪುಟ್ಟಿ ತೋರಿಸುತ್ತಾಳೆ.

1862ರಲ್ಲಿ ಇಲ್ಲಿನ ಆ್ಯರೋ ನದಿಯಲ್ಲಿ ಚಿನ್ನ ಸಿಕ್ಕಿ ಜನ ನುಗ್ಗಿದರು. ಮೊದಲು ಕಂಡವರಲ್ಲಿ ಜಾಕ್ ಟೇವಾ ಎಂಬ ಮಾವೋರಿಯೂ ಇದ್ದ. ಊರಿಗೆ ಮೊದಲು ಬಿದ್ದ ಹೆಸರು ಮಾತ್ರ ವಿಲಿಯಂ ಫಾಕ್ಸ್‌ನದು. ಕೆಲವೇ ವರ್ಷಗಳಲ್ಲಿ ಬಿಳಿಯರು ಪಶ್ಚಿಮ ಕರಾವಳಿಯ ಹೊಸ ಚಿನ್ನದತ್ತ ಓಡಿದಾಗ, ಒಟಾಗೊದ ವರ್ತಕರೇ ಚೀನೀಯರನ್ನು ಕರೆಸಿದರು. ಬೇರೆಯವರು ಬಿಟ್ಟುಹೋದ ಮಣ್ಣನ್ನೇ ಜಾಲಿಸಿ ಅವರು ಬದುಕಿದರು.

ಊರಂಚಿನಲ್ಲಿ ಅವರ ಗುಡಿಸಲುಗಳಿವೆ. 1983ರಲ್ಲಿ ಅಗೆದು ನೋಡಿ, ಕೆಲವನ್ನು ಮತ್ತೆ ಕಟ್ಟಿದ್ದಾರೆ. ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಕೋಲಾರದ ನಿಮ್ಮ ಗಣಿ ಲೈನಿನ ಮನೆ ನೆನಪಾಯಿತು. ಈ ದೇಶಕ್ಕೆ ಬರುವ ಪ್ರತಿ ಚೀನೀಯನ ಮೇಲೆ 1881ರಲ್ಲಿ 10 ಪೌಂಡ್ ತಲೆಗಂದಾಯ ಹಾಕಿದರು, 1896ರಲ್ಲಿ 100 ಪೌಂಡ್. 1898ರ ವೃದ್ಧಾಪ್ಯ ಪಿಂಚಣಿಯನ್ನೂ ಕೊಡಲಿಲ್ಲ. ತಾವೇ ಕರೆಸಿಕೊಂಡವರಿಗೆ ಇದೆಂಥ ಅನ್ಯಾಯ! ತಲೆಗಂದಾಯಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2002ರಲ್ಲಿ.

ಗುಡಿಸಲು ನೋಡಿ ನದಿಗೆ ಇಳಿದೆ. ಅಲ್ಲೊಬ್ಬ ಅಜ್ಜ ತಟ್ಟೆಯಲ್ಲಿ ಮರಳು ತೊಳೆಯುತ್ತಿದ್ದರು. ನಾನು ನಿಂತು ನೋಡುವುದು ಕಂಡು ತಟ್ಟೆಯನ್ನು ಕೈಗೇ ಕೊಟ್ಟರು. ಅಮ್ಮ ಅಕ್ಕಿ ಜಾಲಿಸುತ್ತಿದ್ದ ಹಾಗೆಯೇ ಓಲಾಡಿಸಬೇಕು. ಹಗುರವಾದದ್ದು ನೀರಿನ ಜೊತೆ ಹೋಗುತ್ತದೆ, ಕಪ್ಪು ಮರಳು ತಳದಲ್ಲಿ ಉಳಿಯುತ್ತದೆ. ಅದರಲ್ಲೊಂದು ಚೂರು ಮಿಂಚಿತು! ನನ್ನ ಕೈ ಮರಗಟ್ಟಿದ್ದು ನೋಡಿ ತಮ್ಮ ಕೈಗವಸನ್ನೇ ಬಿಚ್ಚಿಕೊಟ್ಟರು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಇಲ್ಲಿನ ಮಾವೋರಿ ಯುದ್ಧದಲ್ಲಿ ಕಾದಾಡಿ, ಚಿನ್ನದ ಆಸೆ ಹತ್ತಿಸಿಕೊಂಡು ಬೆಂಗಳೂರಿಗೆ ಬಂದ ಲವೆಲ್ 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದದ್ದನ್ನು ಹೇಳಿದೆ. ಅಲ್ಲಿನ ಗಣಿಗೆ ನಮ್ಮ ಚಿಕ್ಕಪ್ಪ ಇಳಿಯುತ್ತಿದ್ದರು, ಅದು ಮೂರು ಕಿಲೋಮೀಟರಿಗೂ ಹೆಚ್ಚು ಆಳ ಎಂದಾಗ ಅಜ್ಜ ಬಹಳ ಹೊತ್ತು ನಿಮ್ಮ ಬಗ್ಗೆಯೇ ಕೇಳಿದರು. ಕೇಜಿನಲ್ಲಿ ಇಳಿಯುವಾಗ ಕಿವಿ ಹೇಗಾಗುತ್ತಿತ್ತು, ಕೆಳಗೆ ಸೆಕೆ ಎಷ್ಟು, ಊಟ ಎಲ್ಲಿ. ನನಗೆ ಗೊತ್ತಿದ್ದದ್ದು ಅರ್ಧ. ಉಳಿದದ್ದನ್ನು ನೀವೇ ಪುಟ್ಟಿಯ ಹತ್ತಿರ ಬರೆಸಿಡಿ.

ಇಲ್ಲಿನ ಮ್ಯೂಸಿಯಂನಲ್ಲಿ ಬಡ ಗಣಿಗಾರರ ಸಾಮಾನನ್ನೂ ಜೋಪಾನ ಮಾಡಿದ್ದಾರೆ. ಅಟ್ಟದ ಮೇಲಿನ ನಿಮ್ಮ ಟೋಪಿ, ದೀಪವನ್ನು ಗುಜರಿಯವನಿಗೆ ಕೊಡಬೇಡಿ. ಎದೆಯ ಎಕ್ಸ್‌ರೇ ಈ ವಾರವೇ ತೆಗೆಸಿ; ಗಣಿಯ ದೂಳಿನ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ.