ಬಾಯಿ ಬಿಡುವ ಮುನ್ನ

ಕೆಳಹಲ್ಲು ಮೇಲುಹಲ್ಲಿಗಿಂತ ಮುಂದೆ ಇರುವವರು ಊಟ ಮಾಡುವುದನ್ನು ನೀವು ಗಮನಿಸಿರಲಿಕ್ಕಿಲ್ಲ. ಯಾರೂ ಗಮನಿಸಬಾರದೆಂದೇ ಅವರು ಉಣ್ಣುವ ಒಂದು ಕ್ರಮವನ್ನು ರೂಢಿ ಮಾಡಿಕೊಂಡಿರುತ್ತಾರೆ. ಮಾವಿನ ಹಣ್ಣನ್ನು ಕಚ್ಚಿ ತಿನ್ನುವುದಿಲ್ಲ, ಹೋಳು ಮಾಡುತ್ತಾರೆ. ರೊಟ್ಟಿಯನ್ನು ಚೂರು ಚೂರು ಮಾಡಿ ಬಾಯಿಯ ಬದಿಗೆ ತಳ್ಳುತ್ತಾರೆ. ಮುಂದಿನ ಹಲ್ಲುಗಳು ಸರಿಯಾಗಿ ಕೂಡುವುದೇ ಇಲ್ಲವಾದ್ದರಿಂದ ಕಚ್ಚುವ ಕೆಲಸವನ್ನೂ ದವಡೆಹಲ್ಲುಗಳೇ ಮಾಡಬೇಕು. ಇಪ್ಪತ್ತೆಂಟು ವರ್ಷ ನಾನು ಹೀಗೆಯೇ ಉಂಡೆ.

ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ಇದೊಂದು ತೊಂದರೆಯೆಂದು ಯಾರಿಗೂ ಅನಿಸಿರಲಿಲ್ಲ. ಅಜ್ಜಿಗೂ ಹೀಗೆಯೇ ಇತ್ತು. ಅವರು ಎಂಬತ್ತು ದಾಟಿ ಬದುಕಿದರು. ಮಾತು ಎದ್ದದ್ದು ಹೆಣ್ಣು ನೋಡಲು ಬಂದವರೊಬ್ಬರು "ಗಲ್ಲ ಸ್ವಲ್ಪ ಮುಂದೆ ಉಂಟಲ್ಲ" ಎಂದು ಹೇಳಿಹೋದ ಮೇಲೆ. ಅಂದಿನಿಂದ ಅದು ಅಂದಚಂದದ ಪ್ರಶ್ನೆಯಾಯಿತು. ಹೆಣ್ಣುಮಗಳ ಬಾಯಿ ಹೇಗೆ ಅಗಿಯುತ್ತದೆ, ಅದಕ್ಕೆ ನೋವಿದೆಯೇ ಎಂದು ಕೇಳುವವರಿಗಿಂತ ಅದು ಹೇಗೆ ಕಾಣುತ್ತದೆ ಎಂದು ನೋಡುವವರೇ ನಮ್ಮಲ್ಲಿ ಹೆಚ್ಚು. ಆಮೇಲೆ ಒಬ್ಬರು ಒಪ್ಪಿದರು, ಮದುವೆಯಾಯಿತು. ಇನ್ನು ದವಡೆಯ ವಿಷಯ ಮುಗಿಯಿತು ಎಂದು ಮನೆಯವರು ನೆಮ್ಮದಿಪಟ್ಟರು. ಹಲ್ಲುಗಳು ಮಾತ್ರ ತಿಕ್ಕಾಡಿಕೊಂಡು ಸವೆಯುತ್ತಲೇ ಇದ್ದವು.

ಗಂಡನಿಗೆ ಜರ್ಮನಿಯ ಸ್ಟಟ್‌ಗಾರ್ಟ್ ನಗರದಲ್ಲಿ ಕೆಲಸ. ಸಂಗಾತಿಯ ವೀಸಾಕ್ಕೆ ಜರ್ಮನ್ ಭಾಷೆಯ ಮೊದಲ ಮೆಟ್ಟಿಲಿನ ಪರೀಕ್ಷೆ ಬೇಕಿತ್ತು. ಬೆಂಗಳೂರಿನಲ್ಲಿ ಅದನ್ನು ಮುಗಿಸಿ 2018ರ ಜನವರಿಯಲ್ಲಿ ಅಲ್ಲಿಗೆ ಹೋದೆ. ಹಲ್ಲು ನೋವೆಂದು ದಂತವೈದ್ಯರಲ್ಲಿ ಹೋದರೆ ಅವರು ಹಲ್ಲನ್ನು ಬಿಟ್ಟು ದವಡೆಯನ್ನೇ ನೋಡತೊಡಗಿದರು. ಆ ದೇಶದ ಕಡ್ಡಾಯ ಆರೋಗ್ಯ ವಿಮೆಯಲ್ಲಿ ಒಂದು ನಿಯಮವಿದೆ. ಹದಿನೆಂಟು ದಾಟಿದವರು ಹಲ್ಲು ಸರಿಪಡಿಸಲು ಕ್ಲಿಪ್ ಹಾಕಿಸಿಕೊಂಡರೆ ವಿಮೆ ಕೊಡುವುದಿಲ್ಲ. ಆದರೆ ದವಡೆಯ ಶಸ್ತ್ರಚಿಕಿತ್ಸೆಯೂ ಬೇಕಾಗುವಷ್ಟು ಗಂಭೀರವಾದ ದೋಷವಿದ್ದರೆ ಎರಡಕ್ಕೂ ಕೊಡುತ್ತದೆ. ಊರಿನಲ್ಲಿ "ಸ್ವಲ್ಪ ಮುಂದೆ" ಎನಿಸಿಕೊಂಡ ನನ್ನ ಗಲ್ಲ ಇಲ್ಲಿ ಅಳತೆಗೆ ಸಿಕ್ಕಿ ಗಂಭೀರದ ಪಟ್ಟಿಗೆ ಸೇರಿತು. ಯಾಕೋ ಏನೋ, ಅಂದು ನನಗೆ ಸಂತೋಷವೇ ಆಯಿತು.

ಫೋನಿನಲ್ಲಿ ಉಮ್ಮ, "ಚಂದ ಮಾಡಿಸಲಿಕ್ಕಾ ಮಗಳೇ? ಮದುವೆ ಆಗಿ ಆಯಿತಲ್ಲ" ಎಂದರು. ಅಗಿಯಲಿಕ್ಕೆ ಉಮ್ಮ, ಎಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ.

ಕ್ಲಿಪ್ ಹಾಕಿ ಒಂದೂವರೆ ವರ್ಷ ಕಾಯಬೇಕಾಯಿತು. ದವಡೆ ಕೊಯ್ದು ಕೂರಿಸಿದ ಮೇಲೆ ಹಲ್ಲುಗಳು ಸರಿಯಾಗಿ ಕೂಡಬೇಕಾದರೆ ಮೊದಲು ಅವುಗಳನ್ನು ತಮ್ಮ ತಮ್ಮ ಎಲುಬಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಆ ಅವಧಿಯಲ್ಲಿ ಅಡ್ಡಹಲ್ಲು ಇನ್ನಷ್ಟು ಎದ್ದು ಕಾಣುತ್ತದೆ. ರೋಗ ಹೆಚ್ಚಾದಂತೆ ಕಾಣುವ ಚಿಕಿತ್ಸೆ ಅದು.

2019ರ ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಫ್ರಾನ್ಸಿನ ರೆನೆ ಲೆ ಫೋರ್ ಎಂಬ ವೈದ್ಯರು ಶವಗಳ ತಲೆಬುರುಡೆಗಳಿಗೆ ಪೆಟ್ಟು ಕೊಟ್ಟು, ಮುಖದ ಎಲುಬು ಯಾವ ಗೆರೆಗಳಲ್ಲಿ ಒಡೆಯುತ್ತದೆಂದು ಅಭ್ಯಾಸ ಮಾಡಿ 1901ರಲ್ಲಿ ಬರೆದರು. ಇಂದು ಮೇಲ್ದವಡೆಯನ್ನು ಕೊಯ್ಯುವ ಗೆರೆಗೆ ಅವರದೇ ಹೆಸರು. ಕೆಳದವಡೆಯನ್ನು ಎರಡೂ ಬದಿಯಲ್ಲಿ ಹಲಗೆ ಸೀಳಿದಂತೆ ಉದ್ದಕ್ಕೆ ಸೀಳಿ, ಸೀಳನ್ನು ಒಂದರ ಮೇಲೊಂದು ಜಾರಿಸುವ ವಿಧಾನವನ್ನು ಆಸ್ಟ್ರಿಯಾದ ಹ್ಯೂಗೋ ಓಬ್ವೇಗೆಸರ್ 1957ರಲ್ಲಿ ಪ್ರಕಟಿಸಿದರು. ಎಲ್ಲವೂ ಬಾಯಿಯ ಒಳಗಿನಿಂದಲೇ. ಹೊರಗೆ ಗಾಯದ ಗುರುತಿಲ್ಲ. ನನ್ನ ಮೇಲ್ದವಡೆ 4 ಮಿಲಿಮೀಟರ್ ಮುಂದೆ ಬಂತು, ಕೆಳಗಿನದು 5 ಮಿಲಿಮೀಟರ್ ಹಿಂದೆ ಹೋಯಿತು. ಟೈಟಾನಿಯಂ ಪಟ್ಟಿ ಮತ್ತು ಪುಟ್ಟ ಸ್ಕ್ರೂಗಳಲ್ಲಿ ಅವನ್ನು ಬಿಗಿದರು. ಮೇಲೆ ಕೆಳಗೆ ರಬ್ಬರ್ ಬಳೆಗಳನ್ನು ಎಳೆದು ಕಟ್ಟಿದರು.

ಆ ಮೊದಲ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋವು ನಾನು ಹೆದರಿದಷ್ಟು ಇರಲಿಲ್ಲ. ಮೂಗು ಕಟ್ಟಿದ್ದೇ ದೊಡ್ಡ ಕಷ್ಟ. ಬಾಯಿ ಕಟ್ಟಿದೆ, ಮೂಗಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಮೂಗು ಸೀಟುವಂತಿಲ್ಲ, ಅರ್ಧ ಕೂತೇ ಮಲಗಬೇಕು. ಮೂರನೆಯ ದಿನ ಕನ್ನಡಿಯಲ್ಲಿ ಕಂಡದ್ದು ಕುಂಬಳಕಾಯಿ. ಕಣ್ಣಿನ ಕೆಳಗಿನ ನೀಲಿ ದಿನದಿಂದ ದಿನಕ್ಕೆ ಇಳಿದು ಕುತ್ತಿಗೆಯಲ್ಲಿ ಹಳದಿಯಾಯಿತು. ಆಸ್ಪತ್ರೆಯಿಂದ ಹೊರಡುವಾಗ ನಾವು ಕೈಯಿಂದ ಕೊಟ್ಟದ್ದು ದಿನಕ್ಕೆ 10 ಯೂರೋ ಮಾತ್ರ.

ಮನೆಗೆ ಬಂದ ಮೇಲೆ ಆರು ವಾರ ನೀರಿನಂಥ ಆಹಾರ. ಸ್ಟ್ರಾದಲ್ಲಿ ಎಳೆಯಬಾರದು ಎಂದಿದ್ದರು. ಸೂಜಿಯಿಲ್ಲದ ಸಿರಿಂಜಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಹಲ್ಲಿಗೂ ಕೆನ್ನೆಗೂ ನಡುವೆ ಬಿಡಬೇಕು. ಉಮ್ಮ ಬರುವಂತಿರಲಿಲ್ಲ, ಉಪ್ಪ ಆಗ ಹಾಸಿಗೆ ಹಿಡಿದಿದ್ದರು. ಆದರೆ ಅಡುಗೆಮನೆಯನ್ನು ಅವರು ಫೋನಿನಲ್ಲೇ ವಹಿಸಿಕೊಂಡರು. ಮೆಂತೆ ಗಂಜಿ, ರಾಗಿ ಮಣ್ಣಿ, ತರಿ ಕಂಜಿ, ಆಡಿನ ಕಾಲಿನ ಸೂಪು, ಎಲ್ಲವನ್ನೂ ನನ್ನ ಗಂಡ ಅವರು ಹೇಳಿದಂತೆ ಬೇಯಿಸಿ, ಮಿಕ್ಸಿಗೆ ಹಾಕಿ, ಎರಡು ಸಲ ಸೋಸುತ್ತಿದ್ದರು. ಸೋಸಿದ ಮೇಲೆ ಬಣ್ಣ ಒಂದು ಬಿಟ್ಟರೆ ಎಲ್ಲದರ ರೂಪವೂ ಒಂದೇ. ಆದರೂ ಏಳು ಕಿಲೋ ಇಳಿದೆ.

ಉಮ್ಮನೊಡನೆ ಮಾತಾಡುವುದೇ ಕಷ್ಟವಾಯಿತು. ದವಡೆ ಬಿಗಿದಿದ್ದರೂ ನಾಲಗೆ ಆಡಿಸಿ ಎಷ್ಟೋ ಅಕ್ಷರಗಳನ್ನು ಹೇಳಬಹುದು. ತುಟಿ ಕೂಡಿಸಿ ಹೇಳುವ ಪ ಬ ಮಗಳು ಬರುವುದಿಲ್ಲ. ಊದಿದ ತುಟಿಗಳು ಒಂದನ್ನೊಂದು ಮುಟ್ಟಿದರಲ್ಲವೇ? ಉಮ್ಮ ಎಂದು ಕರೆದರೆ "ಉನ್ನ" ಎಂದು ಹೋಗುತ್ತಿತ್ತು. ಆ ಕಡೆ ಮೌನ. ಮತ್ತೆ "ನೀನು ಮಾತಾಡಬೇಡ ಮಗಳೇ, ನಾನೇ ಹೇಳುತ್ತೇನೆ" ಎಂದು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ಸಂಗತಿ.

ಸ್ಟಟ್‌ಗಾರ್ಟ್ ಇರುವ ಶ್ವಾಬಿಯಾ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯಿದೆ. ಗುಡಿಸುವ ವಾರ ಎಂದು ಅರ್ಥ. ಒಂದು ಕಟ್ಟಡದಲ್ಲಿರುವ ಮನೆಗಳವರು ಸರದಿಯಂತೆ ಮೆಟ್ಟಿಲು, ನೆಲಮಾಳಿಗೆ, ಬಾಗಿಲ ಮುಂದಿನ ಕಾಲುದಾರಿ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ಬಂದು ನೇತಾಡುತ್ತದೆ. ಆಪರೇಷನ್ ಆಗಿ ಎರಡನೆಯ ವಾರ ಫಲಕ ನಮ್ಮ ಬಾಗಿಲಿಗೆ ಬಂತು. ನನಗೆ ಬಗ್ಗುವಂತಿರಲಿಲ್ಲ, ಬಗ್ಗಿದರೆ ಮೂಗಿನಿಂದ ರಕ್ತ. ಶನಿವಾರ ಒರೆಸುತ್ತೇನೆಂದು ಗಂಡ ಕೆಲಸಕ್ಕೆ ಹೋಗಿದ್ದರು.

ಅಂದು ಮಧ್ಯಾಹ್ನ ಬಾಗಿಲು ತಟ್ಟಿದ್ದು ಕೆಳಗಿನ ಮನೆಯ ಅಜ್ಜಿ. ವಯಸ್ಸು ಎಪ್ಪತ್ತರ ಮೇಲೆ. ಎರಡು ವರ್ಷದಲ್ಲಿ ಅವರು ನನಗೆ ಹೇಳಿದ್ದು ನಮಸ್ಕಾರ ಬಿಟ್ಟರೆ ಸೈಕಲ್ ಎಲ್ಲಿಡಬೇಕು ಎಂಬುದನ್ನು ಮಾತ್ರ. ಮೆಟ್ಟಿಲಿನ ಬಗ್ಗೆ ಹೇಳಲು ಬಂದಿದ್ದರೆಂದು ಕಾಣುತ್ತದೆ. ಬಾಗಿಲು ತೆರೆದಾಗ ಅವರು ಕಂಡದ್ದು ತಲೆಗೆ ಶಾಲು ಹೊದ್ದ ಹೆಂಗಸು, ಊದಿದ ಮುಖ, ಕಣ್ಣಿನ ಸುತ್ತ ನೀಲಿ, ಕುತ್ತಿಗೆಯಲ್ಲಿ ಹಳದಿ, ಕೇಳಿದ್ದಕ್ಕೆ ಉತ್ತರವಿಲ್ಲ.

ಅವರು ನನ್ನ ಹಿಂದೆ ಮನೆಯೊಳಗೆ ಇಣುಕಿದರು. ಯಾರೂ ಇಲ್ಲವೆಂದು ಖಚಿತವಾದ ಮೇಲೆ ದನಿ ತಗ್ಗಿಸಿ, ನನಗೆ ತಿಳಿಯುವಂತೆ ಒಂದೊಂದೇ ಪದ ಬಿಡಿಸಿ ಕೇಳಿದರು: "ನಿಮ್ಮ ಗಂಡನೇ?"

ಆ ಎರಡು ಪದ ನನಗೆ ಚೆನ್ನಾಗಿ ತಿಳಿಯಿತು. ಉತ್ತರವೂ ತಿಳಿದಿತ್ತು. ಬಾಯಿಯೇ ಇರಲಿಲ್ಲ. ತಲೆ ಅಲ್ಲಾಡಿಸಿದೆ. ಹೊಡೆತ ತಿಂದವಳು ಮಾಡುವುದೂ ಅದನ್ನೇ ಅಲ್ಲವೇ? ಅವರು ಇನ್ನಷ್ಟು ಹತ್ತಿರ ಬಂದು ನನ್ನ ಕೈ ಹಿಡಿದರು. ನಾನು ಒಳಗೆ ಹೋಗಿ ಪೆನ್ನು ತಂದು ಗೊತ್ತಿದ್ದ ಎರಡು ಪದ ಬರೆದೆ: ಕೀಫರ್, ಓಪೆರಾಟ್ಸಿಯೋನ್. ದವಡೆ, ಆಪರೇಷನ್. ಅವರು ಓದಿದರು, ತಲೆಯಾಡಿಸಿದರು, ನಂಬಲಿಲ್ಲ. ಮುರಿದ ದವಡೆಗೂ ಆಪರೇಷನ್ ಮಾಡುತ್ತಾರಲ್ಲ! ಹೋಗುವಾಗ ಬಾಗಿಲಿನ ಫಲಕ ಬಿಚ್ಚಿ ತಮ್ಮ ಕಂಕುಳಲ್ಲಿಟ್ಟುಕೊಂಡು ಹೋದರು. ಸಂಜೆ ಅಂಚೆಪೆಟ್ಟಿಗೆಯಲ್ಲಿ ಒಂದು ಚೀಟಿ. ಅದರಲ್ಲಿ ಹೆಂಗಸರ ಸಹಾಯವಾಣಿಯ ಸಂಖ್ಯೆ. ಜರ್ಮನಿಯಲ್ಲಿ 2013ರಿಂದ ಅದು ಹಗಲು ರಾತ್ರಿ ನಡೆಯುತ್ತಿದೆ, ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ, ಹಣವಿಲ್ಲ, ಹೆಸರು ಹೇಳಬೇಕಾಗಿಲ್ಲ.

ಚೀಟಿ ನೋಡಿ ಗಂಡ ಬಹಳ ಹೊತ್ತು ಮಾತಾಡಲಿಲ್ಲ. ದಿನಕ್ಕೆ ಐದು ಸಲ ಗಂಜಿ ಸೋಸುವ ಮನುಷ್ಯ. "ನನ್ನ ಗಡ್ಡ ನೋಡಿ ಹಾಗೆ ಅನಿಸಿತೋ ಏನೋ" ಎಂದು ಕೊನೆಗೆ ನಗಲು ನೋಡಿದರು. ನನಗೆ ಸಿಟ್ಟು ಬಂದಿತ್ತು. ಇದೇ ಮುಖ ಶಾಲಿಲ್ಲದ ಹೆಂಗಸಿನದಾಗಿದ್ದರೆ ಮೊದಲು ಅಪಘಾತವೇ ಎಂದು ಕೇಳುತ್ತಿದ್ದರಲ್ಲವೇ? ಈ ಪ್ರಶ್ನೆಯನ್ನು ನಾನು ಇಂದೂ ಬಿಟ್ಟುಕೊಟ್ಟಿಲ್ಲ. ಆದರೆ ರಾತ್ರಿ ಅರ್ಧ ಕೂತು ನಿದ್ದೆ ಬಾರದೆ ಇರುವಾಗ ಇನ್ನೊಂದು ಪ್ರಶ್ನೆ ಬಂತು. ನಮ್ಮ ಊರಿನಲ್ಲಿ ಬಾಸುಂಡೆ ಎದ್ದ ಮುಖಗಳನ್ನು ನಾನು ಕಂಡಿದ್ದೇನೆ. ಬಚ್ಚಲಲ್ಲಿ ಜಾರಿದೆ ಎಂದು ಅವರು ಹೇಳಿದ್ದನ್ನು ಓಣಿಗೆ ಓಣಿಯೇ ಒಪ್ಪಿಕೊಂಡದ್ದನ್ನೂ ಕಂಡಿದ್ದೇನೆ. ಯಾವ ಅಜ್ಜಿಯೂ ಮನೆಯೊಳಗೆ ಇಣುಕಿ ನೋಡಿ ದನಿ ತಗ್ಗಿಸಿ ಕೇಳಿರಲಿಲ್ಲ. ಅನುಮಾನ ತಪ್ಪಾಗಿತ್ತು, ಕೇಳಿದ್ದು ತಪ್ಪಲ್ಲ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ನನಗೆ ಕೆಲವು ದಿನ ಹಿಡಿಯಿತು.

ಉತ್ತರವನ್ನು ನಾನೇ ಹೇಳಬೇಕು, ಗಂಡನ ಬಾಯಿಂದಲ್ಲ ಎಂದು ನಿಶ್ಚಯಿಸಿದೆ. ಗಂಡ ಹೋಗಿ ವಿವರಿಸಿದರೆ ಅನುಮಾನ ಗಟ್ಟಿಯಾದೀತಲ್ಲ!

ಬಾಯಿ ತೆರೆಯುವ ಅಭ್ಯಾಸ ರಬ್ಬರ್ ಸಡಿಲಿಸಿದ ಮೇಲೆ ಸುರುವಾಯಿತು. ಸಾಧಾರಣವಾಗಿ ಮನುಷ್ಯನ ಬಾಯಿ 40 ಮಿಲಿಮೀಟರಿಗಿಂತ ಹೆಚ್ಚು ತೆರೆಯುತ್ತದೆ, ಮೂರು ಬೆರಳು ಹೋಗುವಷ್ಟು. ನನ್ನದು ಆಗ ಒಂದು ಬೆರಳಿಗೂ ಸಾಲದು. ಗಂಟಲು ನೋಡುವಾಗ ನಾಲಗೆ ಒತ್ತುವ ಮರದ ಪಟ್ಟಿಗಳಿವೆಯಲ್ಲ, ಐಸ್ ಕ್ಯಾಂಡಿಯ ಕಡ್ಡಿಯಂಥವು, ಅವುಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು, ಕೆಲವು ದಿನಕ್ಕೊಮ್ಮೆ ಮಧ್ಯದಲ್ಲಿ ಇನ್ನೊಂದನ್ನು ತೂರಿಸಬೇಕು. ಒಂದು ಪಟ್ಟಿ ಹೆಚ್ಚಾದ ದಿನ ಮನೆಯಲ್ಲಿ ಹಬ್ಬ.

ಅರ್ಧಕ್ಕೆ ನಿಂತಿದ್ದ ಭಾಷಾ ತರಗತಿಗೆ ಡಿಸೆಂಬರಿನಲ್ಲಿ ಮತ್ತೆ ಹೋದೆ. ವಲಸೆ ಬಂದವರಿಗಾಗಿ ನಡೆಸುವ ಆ ತರಗತಿಯಲ್ಲಿ ಭಾಷೆಗೇ 600 ಪಾಠಗಳು. ಜರ್ಮನ್‌ನಲ್ಲಿ ಒಂದು ಸ್ವರವಿದೆ. ನಾಲಗೆ 'ಈ' ಎನ್ನಬೇಕು, ತುಟಿ 'ಊ' ಎನ್ನಬೇಕು. ತುಳುವಿನಲ್ಲಿ ತುಟಿ ಗುಂಡಗೆ ಮಾಡದೆ ಹೇಳುವ ಉಕಾರ ಇದೆ, ಇದು ಅದಕ್ಕೆ ತಿರುಗುಮುರುಗು. ಉಳಿದವರಿಗೆ ಅದು ನಾಲಗೆಯ ಕಷ್ಟ, ನನಗೆ ತುಟಿಯದು. ಕೆಳದವಡೆಯ ಎಲುಬಿನೊಳಗೆ ಹಾದುಹೋಗುವ ನರವೇ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವುದು. ಎಲುಬು ಸೀಳುವಾಗ ಅದಕ್ಕೆ ಪೆಟ್ಟಾಗುವುದು ಸಾಮಾನ್ಯ. ತುಟಿ ಗುಂಡಗಾಗಿದೆಯೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಚೀಲದಿಂದ ಕನ್ನಡಿ ತೆಗೆದು ನೋಡಿ ಹೇಳುತ್ತಿದ್ದೆ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಟ್ಯೂಬಿಂಗೆನ್ ಊರಿನ ಹೆಸರಿನಲ್ಲೇ ಆ ಸ್ವರವಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ನಮ್ಮ ಳ, ಣಗಳಿಗೆ ಅವರು ಎಷ್ಟು ದಿನ ಕನ್ನಡಿ ಹಿಡಿದಿದ್ದರೋ!

ಆ ತಿಂಗಳ ಕೊನೆಗೆ ಒಂದು ಡಬ್ಬಿ ತುಂಬ ತರಿ ಕಂಜಿ ಹಿಡಿದು ಕೆಳಗಿನ ಮನೆಗೆ ಹೋದೆ. ಆರು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ. ಹುಟ್ಟಿನಿಂದ ನನ್ನ ಹಲ್ಲುಗಳು ಕೂಡುತ್ತಿರಲಿಲ್ಲ; ವೈದ್ಯರು ಸರಿಮಾಡಿದರು; ನನ್ನ ಗಂಡ ಆರು ವಾರ ನನಗೆ ಉಣಿಸಿದರು; ಹೀಗೆ. ಕೀಫರ್ ಪದವನ್ನು ಜಾಗ್ರತೆಯಿಂದ ಹೇಳಿದೆ, ಏಕೆಂದರೆ ಪುಲ್ಲಿಂಗದಲ್ಲಿ ಅದು ದವಡೆ, ಸ್ತ್ರೀಲಿಂಗದಲ್ಲಿ ಪೈನ್ ಮರ. ಎಕ್ಸ್‌ರೇಯನ್ನೂ ತೋರಿಸಿದೆ. ಅಜ್ಜಿ ಅದನ್ನು ಕಿಟಕಿಗೆ ಹಿಡಿದು ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿದರು. ಕ್ಷಮೆ ಕೇಳಲಿಲ್ಲ, ನಾನು ಅದನ್ನು ಬಯಸಿಯೂ ಇರಲಿಲ್ಲ. "ಅಂದು ನಾನು ಪೋಲಿಸರಿಗೆ ಫೋನ್ ಮಾಡಬೇಕೆಂದಿದ್ದೆ" ಎಂದರು. ಮತ್ತೆ, ನನ್ನ ಕೇರ್‌ವೋಖೆ ಒಂದು ಬಾಕಿಯಿದೆ ಎಂದರು.

ಮರುವರ್ಷ ಕೊರೋನಾ ಬಂತು. ವಸಂತದಲ್ಲಿ ತೆಗೆಯಬೇಕಿದ್ದ ಪಟ್ಟಿಗಳನ್ನು ಸೆಪ್ಟೆಂಬರಿನಲ್ಲಿ ತೆಗೆದರು. ಎಲ್ಲರೂ ಬಾಯಿ ಮುಚ್ಚಿ ತಿರುಗಿದ ಆ ವರ್ಷದಲ್ಲಿ ನನ್ನ ಹೊಸ ಗಲ್ಲವನ್ನು ನೋಡಿದವರು ಕಡಿಮೆ. 2022ರಲ್ಲಿ ಊರಿಗೆ ಬಂದಾಗ ಮದುವೆಮನೆಯೊಂದರಲ್ಲಿ ಹೆಂಗಸರು ಸುತ್ತ ನೆರೆದು ಎಷ್ಟು ಖರ್ಚಾಯಿತು ಎಂದು ಕೇಳಿದರು. ಉಮ್ಮ ಮಾತ್ರ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ, "ನಿನ್ನ ಮುಖದಲ್ಲಿ ನನ್ನ ಉಮ್ಮ ಇದ್ದರು" ಎಂದರು. ನಾನು ಅಗಿದು ಉಣ್ಣುವುದನ್ನು ನೋಡುತ್ತ ಪಕ್ಕದಲ್ಲೇ ಕುಳಿತು, ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದರು.

ಸ್ಪರ್ಶ ಹೆಚ್ಚಿನಂಶ ಮರಳಿದೆ. ಮೊದಲು ಇರುವೆ ಹರಿದಂತೆ, ಆಮೇಲೆ ಸಣ್ಣ ಮಿಂಚು ಹೊಡೆದಂತೆ, ತಿಂಗಳುಗಟ್ಟಲೆ ತೆಗೆದುಕೊಂಡು ಬಂತು. ಗಲ್ಲದ ಎಡಬದಿಯಲ್ಲಿ ಒಂದು ರೂಪಾಯಿಯಷ್ಟು ಜಾಗ ಮಾತ್ರ ಇನ್ನೂ ಮರಗಟ್ಟಿದೆ. ಚಹಾ ಅಲ್ಲಿ ಇಳಿದರೆ ನನಗೆ ಗೊತ್ತಾಗುವುದಿಲ್ಲ. ಎದುರು ಕುಳಿತ ಗಂಡ ತನ್ನ ಗಲ್ಲವನ್ನು ಬೆರಳಿನಿಂದ ಮುಟ್ಟುತ್ತಾರೆ, ನಾನು ಒರೆಸಿಕೊಳ್ಳುತ್ತೇನೆ. ಈಚೆಗೆ ಕೆಳಗಿನ ಮನೆಯ ಅಜ್ಜಿಯೂ ಹಾಗೆಯೇ ಮುಟ್ಟಿ ತೋರಿಸುವುದನ್ನು ಕಲಿತಿದ್ದಾರೆ.