ಮಾವಿನ ಲೆಕ್ಕವೂ ಮಳೆಯ ದಿನಗಳೂ



ಇತ್ತೀಚೆಗೆ ನನ್ನನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ. ಇಂಡಿಯ ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಬಸವನ ಬಾಗೇವಾಡಿಯ ಬೀಗರ ಮನೆಯ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿಯೇ ಕೇಳಿದ್ದಾರೆ. "ಸರ, ನೀವೂ ಯೂಟ್ಯೂಬ್ ಚಾನೆಲ್ ಸುರು ಮಾಡೀರಂತಲ್ರಿ?" ಮಾಡಿದ್ದೇನೆ. ಮೂವತ್ತನಾಲ್ಕು ವರ್ಷ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದವನು ನಿವೃತ್ತನಾದ ಮೇಲೆ ಮೊಬೈಲು ಹಿಡಿದು 'ಮಾಲ್ಗುಡಿ ಡೇಸ್' ನೋಡುತ್ತ ನಗುವುದು, ಕಣ್ಣೊರೆಸಿಕೊಳ್ಳುವುದು, ಅದನ್ನು ಊರಿಗೆಲ್ಲ ತೋರಿಸುವುದು ಕೆಲವರಿಗೆ ವಿಚಿತ್ರವೆನಿಸಿರಬಹುದು. ಆದುದರಿಂದ ಈ ಹುಚ್ಚು ಹೇಗೆ ಹತ್ತಿತು, ಅದರಿಂದ ನನಗೆ ಏನು ದೊರೆಯಿತು ಎಂಬುದನ್ನು ಬರೆಯುತ್ತಿದ್ದೇನೆ.

ಹಿರಿಯ ಬಂಧುಗಳಿಗಾಗಿ ಒಂದು ಮಾತು. 'ರಿಯಾಕ್ಷನ್ ವಿಡಿಯೊ' ಎಂದರೆ ಒಬ್ಬನು ತನಗೆ ಪ್ರಿಯವಾದ ಧಾರಾವಾಹಿಯನ್ನೋ ಹಾಡನ್ನೋ ನೋಡುತ್ತಿರುವಾಗ ಅವನಿಗೆ ಅನಿಸಿದ್ದನ್ನು ಅಲ್ಲಲ್ಲಿಯೇ ಹೇಳುವುದು. ನೋಡುವವರು ಧಾರಾವಾಹಿಯನ್ನು ನೋಡುವುದಿಲ್ಲ, ಧಾರಾವಾಹಿ ನೋಡುವವನನ್ನು ನೋಡುತ್ತಾರೆ! ಮೊದಲ ಸಲ ಕೇಳಿದಾಗ ನನಗೂ ನಗು ಬಂದಿತ್ತು. ಬಳಿಕ ವಿಚಾರ ಮಾಡಿದಾಗ ಇದು ನಮ್ಮ ಜಿಲ್ಲೆಗೆ ಹೊಸದಲ್ಲವೆಂದು ತೋರಿತು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳನ್ನು ತಲುಪಿಸಿದ ಪ್ರಯೋಗವೊಂದು ನಡೆಯಿತು. ಅದನ್ನು 'ಸೈಟ್' ಎಂದು ಕರೆಯುತ್ತಿದ್ದರು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ನಮ್ಮ ಕಡೆಯ ರೈತರು ಟಿವಿ ನೋಡಿದ್ದರೆಂಬುದು ಇಂದಿನ ಮಕ್ಕಳಿಗೆ ನಂಬಲಾಗದ ಸಂಗತಿ. ನನ್ನ ಸೋದರಮಾವನ ಊರು ಆ ಹಳ್ಳಿಗಳಲ್ಲೊಂದು. ಶಾಲೆಯ ಅಂಗಳದಲ್ಲಿ ಜಾಳಿಗೆಯ ದೊಡ್ಡ ಛತ್ರಿಯಂಥ ಆಂಟೆನಾ, ಪಡಸಾಲೆಯಲ್ಲಿ ಟಿವಿ ಪೆಟ್ಟಿಗೆ, ಎದುರಿಗೆ ಇಡೀ ಊರು. ನನಗಾಗ ಹದಿನಾರು ವರ್ಷ. ಕಾರ್ಯಕ್ರಮದಲ್ಲಿ ಏನಿತ್ತೆಂಬುದು ಈಗ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಜನರ ಮಾತು. ತೆರೆಯ ಮೇಲಿನವನು ಗೊಬ್ಬರದ ಪ್ರಮಾಣ ಹೇಳಿದರೆ "ರೊಕ್ಕ ನಿಮ್ಮಪ್ಪ ಕೊಡ್ತಾನೇನು?" ಎಂದು ಒಬ್ಬ ಮುದುಕಿ ಎದ್ದುನಿಂತು ಕೇಳಿದ್ದಳು. ಟಿವಿಗಿಂತ ಅವಳ ಮಾತು ಕೇಳಲೆಂದೇ ಮರುದಿನ ನಾನು ಅವಳ ಹತ್ತಿರ ಹೋಗಿ ಕುಳಿತೆ.

ಮುಂದೆ ಬಿ.ಇಡಿ. ಮುಗಿಸಿ 1985ರಲ್ಲಿ ಮುದ್ದೇಬಿಹಾಳದಲ್ಲಿ ಗಣಿತದ ಶಿಕ್ಷಕನಾಗಿ ಸೇರಿದೆ. ನಾನು ಬಾಡಿಗೆಗಿದ್ದ ಮನೆಯ ಮಾಲೀಕರಲ್ಲಿ ಟಿವಿ ಇತ್ತು. 1987ರಲ್ಲಿ ಅಲ್ಲಿಯೇ ನಾನು 'ಮಾಲ್ಗುಡಿ ಡೇಸ್' ನೋಡಿದ್ದು. ಆರ್.ಕೆ. ನಾರಾಯಣರ ಕಥೆಗಳು, ಶಂಕರ್‌ನಾಗ್ ಅವರ ನಿರ್ದೇಶನ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ. ಮಳೆಗಾಗಿ ಮುಗಿಲು ನೋಡುತ್ತಿದ್ದ ನಮಗೆ ಆ ಹಸಿರು, ಆ ಹೆಂಚಿನ ಮನೆಗಳು ಬೇರೆಯ ಲೋಕವೇ ಆಗಿದ್ದವು. ಆದರೆ ಆ ಶಾಲೆ, ಆ ಬೆತ್ತ, ಆ ಹೆದರಿದ ಹುಡುಗರು ಬೇರೆ ಲೋಕದವರಾಗಿರಲಿಲ್ಲ.

ಧಾರಾವಾಹಿ ಹಿಂದಿಯಲ್ಲಿತ್ತು. ಮಾಲೀಕರ ತಾಯಿಗೆ ಹಿಂದಿ ಬಾರದು. "ಏನಂದಾನ್ರಿ ಮಾಸ್ತರ?" ಎಂದು ಆಕೆ ಪ್ರತಿ ಮಾತಿಗೂ ಕೇಳುವರು. ನಾನು ಕನ್ನಡದಲ್ಲಿ ಹೇಳುವೆ, ನಡುವೆ ನನ್ನದೊಂದು ಮಾತನ್ನೂ ಸೇರಿಸುವೆ. ಒಂದು ವಾರ ನಾನು ಊರಿಗೆ ಹೋಗಿದ್ದಾಗ ಆಕೆ ಟಿವಿ ಹಚ್ಚಲು ಬಿಡಲಿಲ್ಲವಂತೆ. "ಮಾಸ್ತರ ಇಲ್ಲದ ಏನ ನೋಡೂದು?" ಎಂದರಂತೆ. ನನ್ನ ಚಾನೆಲಿನ ಮೊದಲ ಚಂದಾದಾರರು ಅವರೇ ಎಂದು ನಾನು ಈಗಲೂ ಲೆಕ್ಕ ಹಿಡಿಯುತ್ತೇನೆ.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪ ಅಪಘಾತದಲ್ಲಿ ತೀರಿಕೊಂಡರು. ಅವರಿಗಿನ್ನೂ 36 ತುಂಬಿರಲಿಲ್ಲ. ನಾನು ಸಿಂದಗಿ, ಬಾಗೇವಾಡಿ, ಇಂಡಿ ಎಂದು ವರ್ಗವಾಗುತ್ತ 2019ರಲ್ಲಿ ನಿವೃತ್ತನಾದೆ. 2020ರ ಲಾಕ್‌ಡೌನ್ ಕಾಲದಲ್ಲಿ ಅದೇ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬಂದಾಗ, ಬೆಂಗಳೂರಿನಿಂದ ಬಂದು ನಮ್ಮಲ್ಲೇ ಸಿಕ್ಕಿಕೊಂಡಿದ್ದ ಮೊಮ್ಮಗನೊಡನೆ ಕುಳಿತು ನೋಡಿದೆ. ನಾನು ಸುಮ್ಮನೆ ನೋಡುವವನಲ್ಲ, ಗೊತ್ತಲ್ಲ! ಅವನೇ ಹೇಳಿದ್ದು: "ಮುತ್ಯಾ, ನೀ ಮಾತಾಡೂದನ್ನ ರೆಕಾರ್ಡ್ ಮಾಡೋಣು."

2021ರಲ್ಲಿ ಚಾನೆಲು ಆರಂಭವಾಯಿತು. ಸಾಮಗ್ರಿ ಎಂದರೆ ಒಂದು ಮೊಬೈಲು, ಅದನ್ನು ನಿಲ್ಲಿಸಲು ಹಳೆಯ ಗಣಿತ ಪುಸ್ತಕಗಳ ರಾಶಿ. ಮೊದಲ ವಿಡಿಯೊದಲ್ಲಿ ನನ್ನ ಮುಖಕ್ಕಿಂತ ಹಿಂದಿನ ಕಿಟಕಿಯೇ ಬೆಳಗುತ್ತಿತ್ತು, ನನ್ನ ಧ್ವನಿಗಿಂತ ಓಣಿಯ ಟ್ರ್ಯಾಕ್ಟರಿನದೇ ಜೋರಾಗಿತ್ತು. ನೋಡಿದವರು 23 ಮಂದಿ, ಅದರಲ್ಲಿ ಐದು ಸಲ ನಾನೇ. ಕಿಟಕಿಯನ್ನು ಬೆನ್ನಿಗಲ್ಲ, ಎದುರಿಗೆ ಇಟ್ಟುಕೊಂಡು ಕೂಡಬೇಕು, ಮೈಕನ್ನು ಅಂಗಿಗೆ ಸಿಕ್ಕಿಸಿಕೊಳ್ಳಬೇಕು ಎಂಬ ಪಾಠಗಳನ್ನು ಒಂದೊಂದಾಗಿ ಕಲಿತೆ.

ಎರಡನೆಯ ವಿಡಿಯೊದ ಮೇಲೆ ಹಕ್ಕುಸ್ವಾಮ್ಯದ ತಕರಾರು ಬಂತು. ತಪ್ಪು ನನ್ನದೇ. ಕಂತಿನ ಒಂಬತ್ತು ನಿಮಿಷಗಳನ್ನು ಹಾಗೆಯೇ ತೋರಿಸಿ ನಡುನಡುವೆ ಹೂಂಗುಟ್ಟಿದ್ದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಒಂದು ಕೃತಿಯನ್ನು ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ ನಿಜ. ಆದರೆ ಹೂಂಗುಟ್ಟುವುದು ವಿಮರ್ಶೆಯಲ್ಲ. ಮೇಲಾಗಿ ಮೊದಲು ಪರೀಕ್ಷಿಸುವುದು ನ್ಯಾಯಾಧೀಶರಲ್ಲ, ಚಿತ್ರವನ್ನೂ ಧ್ವನಿಯನ್ನೂ ಮೂಲದೊಡನೆ ಹೋಲಿಸಿ ನೋಡುವ ಯಂತ್ರ. ಅಂದಿನಿಂದ ಧಾರಾವಾಹಿಯನ್ನು ತೋರಿಸುವುದನ್ನೇ ಬಿಟ್ಟೆ. ದೃಶ್ಯವನ್ನು ನಾನೇ ಬಾಯಿಂದ ಹೇಳಿ, ನಿಲ್ಲಿಸಿ, ಅನಿಸಿದ್ದನ್ನು ಹೇಳತೊಡಗಿದೆ. ಮುದ್ದೇಬಿಹಾಳದ ಅಜ್ಜಿಗೆ ಹೇಳುತ್ತಿದ್ದಂತೆಯೇ.

ಆದರೂ ಚಾನೆಲು ಬೆಳೆಯಲಿಲ್ಲ. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1000 ಚಂದಾದಾರರು, ಒಂದು ವರ್ಷದೊಳಗೆ 4000 ಗಂಟೆಗಳ ವೀಕ್ಷಣೆ ಬೇಕು. ಗಣಿತದ ಮಾಸ್ತರನಾದ ನಾನು ಲೆಕ್ಕ ಹಾಕಿದೆ. ಒಬ್ಬರು ಒಮ್ಮೆಗೆ ಐದು ನಿಮಿಷ ನೋಡಿದರೆ 48,000 ಸಲ ನೋಡಬೇಕು! ಮೊದಲ ವರ್ಷದ ಕೊನೆಗೆ ನನಗಿದ್ದ ಚಂದಾದಾರರು 312. ಮೊಮ್ಮಗನು ರೋಗ ಪತ್ತೆಹಚ್ಚಿದ: "ಮುತ್ಯಾ, ನೀ ರಿಯಾಕ್ಷನ್ ಕೊಡವಲ್ಲಿ, ಪಾಠ ಮಾಡ್ಲಾಕತ್ತೀದಿ. ಎಲ್ಲಾ ಮೊದಲ ನೋಡಿ, ಬರಕೊಂಡು, ಓದ್ತೀದಿ." ಮಾತು ನಾಟಿತು. ಟಿಪ್ಪಣಿಯ ವಹಿಯನ್ನು ಒಳಗಿಟ್ಟೆ. ಮರೆತ ಕಂತನ್ನು ಮತ್ತೆ ನೋಡುತ್ತ, ತಿಳಿಯದಾಗ ತಿಳಿಯಲಿಲ್ಲವೆಂದು ಹೇಳುತ್ತ, ನಗು ಬಂದಾಗ ನಗುತ್ತ ಮಾತಾಡತೊಡಗಿದೆ. ಪ್ರತಿ ಗುರುವಾರ ಸಂಜೆ ಏಳು ಗಂಟೆಗೆ ತಪ್ಪದೆ ಒಂದು ವಿಡಿಯೊ ಹಾಕಿದೆ. ಶಾಲೆಯ ಗಂಟೆಯ ಹಾಗೆ ಹೊತ್ತು ತಪ್ಪದಿದ್ದರೆ ಜನ ಬರುತ್ತಾರೆ. 2023ರ ಕೊನೆಗೆ ಸಾವಿರ ದಾಟಿತು. ಅವರಲ್ಲಿ ಅರ್ಧದಷ್ಟು ಮಂದಿ ಪುಣೆ, ಗೋವಾ, ಬೆಂಗಳೂರುಗಳಲ್ಲಿರುವ ನಮ್ಮ ಕಡೆಯವರೇ.

ಇನ್ನು ನಾನು ಹೇಳಲೇಬೇಕಾದ ವಿಷಯ.

ಕಳೆದ ವರ್ಷ ಸ್ವಾಮಿಯ ಮಾವಿನ ಲೆಕ್ಕದ ಮೇಲೆ ಒಂದು ವಿಡಿಯೊ ಮಾಡಿದೆ. 1935ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯನ್ನೂ ಮುಂದಿಟ್ಟುಕೊಂಡಿದ್ದೆ. ರಾಮನ ಬಳಿ ಹತ್ತು ಮಾವಿನ ಹಣ್ಣು, ಅವುಗಳಿಂದ ಅವನಿಗೆ ಹದಿನೈದಾಣೆ ಬರಬೇಕು. ಕೃಷ್ಣನಿಗೆ ನಾಲ್ಕು ಹಣ್ಣು ಸಾಕು, ಅವನು ಎಷ್ಟು ಕೊಡಬೇಕು? ಉತ್ತರ ಆರಾಣೆ. ಆದರೆ ಸ್ವಾಮಿಗೆ ಕಾಡುವುದು ಆ ಹಣ್ಣು ಮಾಗಿವೆಯೋ ಇಲ್ಲವೋ ಎಂಬುದು. ಅದನ್ನೇ ತಂದೆಯನ್ನು ಕೇಳುತ್ತಾನೆ. ತಂದೆ ಬಿಡುವುದಿಲ್ಲ, ಕೊನೆಗೆ ಉತ್ತರ ಹೇಳಿ ಹುಡುಗ ಅತ್ತುಬಿಡುತ್ತಾನೆ. ನಾನು ವಿಡಿಯೊದಲ್ಲಿ ಬಾಯ್ತುಂಬ ನಕ್ಕು, "ನೋಡಿರಿ, ಹಣ್ಣು ಮಾಗದಿದ್ದರೆ ಹದಿನೈದಾಣೆ ಯಾರು ಕೊಡುತ್ತಾರೆ? ಹುಡುಗನ ಪ್ರಶ್ನೆ ಸರಿಯಾಗಿದೆ. ಒಳ್ಳೆಯ ಶಿಕ್ಷಕನಾದವನು ಇಂಥ ಪ್ರಶ್ನೆಗೆ ಬೆನ್ನು ತಟ್ಟಬೇಕು" ಎಂದೆ.

ನಾಲ್ಕು ದಿನಗಳ ನಂತರ ರಾತ್ರಿ ಒಂಬತ್ತಕ್ಕೆ ಗೋವಾದಿಂದ ಫೋನು ಬಂತು. ಸಿಂದಗಿ ತಾಲ್ಲೂಕಿನ ಶಾಲೆಯೊಂದರಲ್ಲಿ ನನ್ನಲ್ಲಿ ಓದಿದವನು. ಹೆಸರು ಹೇಳಿದಾಗ ಮುಖ ನೆನಪಾಯಿತು.

"ಸರ, ನೀವು ನನಗ ಹೊಡದದ್ದು ನೆನಪೈತೇನ್ರಿ?"

ನೆನಪಿರಲಿಲ್ಲ. ಅವನೇ ಹೇಳಿದ. 1996ನೆಯ ಇಸವಿ, ಒಂಬತ್ತನೆಯ ತರಗತಿ. ಕಾಲ ಮತ್ತು ಕೆಲಸದ ಲೆಕ್ಕ. ಹನ್ನೆರಡು ಆಳು ಆರು ದಿನದಲ್ಲಿ ಮಾಡುವ ಹೊಲದ ಕೆಲಸವನ್ನು ಎಂಟು ಆಳು ಎಷ್ಟು ದಿನದಲ್ಲಿ ಮಾಡುತ್ತಾರೆ? ಉತ್ತರ ಒಂಬತ್ತು ದಿನ. ಅವನು ಎದ್ದುನಿಂತು, "ಸರ, ನಡುವ ಮಳಿ ಬಂದು ಹೊಲ ಹಸಿ ಆದ್ರ?" ಎಂದು ಕೇಳಿದ್ದನಂತೆ. ತರಗತಿಯೆಲ್ಲ ನಕ್ಕಿತಂತೆ. ಉದ್ಧಟತನವೆಂದು ತಿಳಿದು ನಾನು ಅಂಗೈಗೆ ನಾಲ್ಕು ಏಟು ಕೊಟ್ಟೆನಂತೆ.

ಬಹಳ ಹೊತ್ತಿನ ಮೇಲೆ "ತಪ್ಪಾತಪಾ ತಮ್ಮಾ" ಎಂದೆ. ಅಷ್ಟೇ ಹೇಳಲಾಯಿತು.

"ಅದಕ್ಕ ಫೋನ್ ಮಾಡಿಲ್ರಿ ಸರ. ಸಾಲಿ ಬಿಟ್ಟದ್ದೂ ಅದಕ್ಕಲ್ರಿ, ಅಪ್ಪ ತೀರಿಕೊಂಡ್ರು. ಆದ್ರ ಆ ಹುಡುಗನ ಮಾತಿಗಿ ನೀವು ಅಷ್ಟು ಚಂದ ನಕ್ರಿ. ಅವತ್ತೂ ಹಂಗ ನಗಬೇಕಿತ್ರಿ ನೀವು, ಅನಿಸ್ತು."

ಅವನೀಗ ಗೌಂಡಿ ಕೆಲಸದ ಗುತ್ತಿಗೆದಾರ. ಕೈಕೆಳಗೆ ಹದಿನೈದು ಮಂದಿ. "ದಿನಾ ಅದೇ ಲೆಕ್ಕ ಹಾಕ್ತೀನ್ರಿ ಸರ. ಗೋವಾದಾಗ ಮಳಿ ದಿನ ಹಿಡದೇ ಹಾಕಬೇಕು, ಇಲ್ಲಂದ್ರ ಮನಿ ಮುಳಗತೈತಿ" ಎಂದು ನಕ್ಕ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಹೊಡೆದದ್ದಲ್ಲ, ಅದು ನೆನಪಿಲ್ಲದಿದ್ದದ್ದು. ನಾಲ್ಕು ತಾಲ್ಲೂಕುಗಳಲ್ಲಿ ಸಾವಿರಾರು ಮಕ್ಕಳು ನನ್ನ ಕೈಕೆಳಗೆ ಹಾದುಹೋಗಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳ ಮೇಲೆ ದೈಹಿಕ ದಂಡನೆಯನ್ನು ನಿಷೇಧಿಸಿತು. ಅದು ಜಾರಿಗೆ ಬಂದ ಮೇಲೆ ನಾನು ಬೆತ್ತ ಕೆಳಗಿಟ್ಟೆ ನಿಜ, ಆದರೆ ಕಾನೂನಿಗೆ ಅಂಜಿ ಇಟ್ಟೆ. ಧಾರಾವಾಹಿಯ ಸ್ವಾಮಿಗಾಗಿ 1987ರಲ್ಲಿಯೇ ಕಣ್ಣೊರೆಸಿಕೊಂಡವನು, ಅದೇ ಕಾಲದಲ್ಲಿ ಮುಂದಿನ ಬೆಂಚಿನ ಸ್ವಾಮಿಯ ಕೈ ಚಾಚಿಸುತ್ತಿದ್ದೆನೆಂಬುದು ಎಂದೂ ಹೊಳೆದಿರಲಿಲ್ಲ.

ಈ ಸಂಗತಿ ಕೇಳಿದ ಮೊಮ್ಮಗ, "ಮುತ್ಯಾ, ಇದನ್ನ ವಿಡಿಯೊ ಮಾಡು. ಒಂದ ದಿನದಾಗ ಹತ್ತ ಸಾವಿರ ಮಂದಿ ನೋಡ್ತಾರ" ಎಂದ. ಸುಳ್ಳಲ್ಲ, ನೋಡುತ್ತಿದ್ದರು. ನನಗೂ ಆಸೆಯಾಗಲಿಲ್ಲವೆಂದರೆ ಅದೂ ಸುಳ್ಳು. ಗೋವಾಕ್ಕೆ ಫೋನು ಮಾಡಿ ಕೇಳಿದೆ. ಅವನು, "ಬ್ಯಾಡ್ರಿ ಸರ. ಮಂದಿ ಕೆಳಗ ನಿಮಗ ಬೈದು ಬರೀತಾರ. ಬೇಕಾದ್ರ ನನ್ನ ಹೆಸರ ಇಲ್ಲದ ಎಲ್ಲಿಯಾದ್ರೂ ಬರೀರಿ, ನಮ್ಮವರು ಓದ್ಲಿ" ಎಂದ. ನಾನು ಹೊಡೆದವನು ನನ್ನ ಮಾನ ಕಾಯುತ್ತಿದ್ದ. ವಿಡಿಯೊ ಮಾಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಾಗರ ಪಂಚಮಿಗೆ ಊರಿಗೆ ಬಂದಾಗ ಅವನು ನಮ್ಮ ಮನೆಗೂ ಬಂದ. ನಮ್ಮವರು ಚುರುಮುರಿ, ಶೇಂಗಾದುಂಡಿ, ಚಾ ಕೊಟ್ಟರು. ಇಬ್ಬರೂ ಕುಳಿತು ಒಂದು ಕಂತು ನೋಡಿದೆವು. ಅಂದು ಕ್ಯಾಮೆರಾ ಹಚ್ಚಲಿಲ್ಲ. ಅವನು ನಗುತ್ತಿದ್ದ ಜಾಗಗಳೇ ಬೇರೆ, ನಾನು ನಗುತ್ತಿದ್ದ ಜಾಗಗಳೇ ಬೇರೆ. ಆಗುಂಬೆಯ ಮಳೆ ಬಂದಾಗ ಮಾತ್ರ "ನೋಡ್ರಿ ಸರ, ಇವತ್ತಿನ ಕೆಲಸ ಹೋತು" ಎಂದ. ಇಬ್ಬರೂ ನಕ್ಕೆವು.

ಚಾನೆಲಿಗೆ ಈಗ 1640 ಚಂದಾದಾರರಿದ್ದಾರೆ. ಗುರುವಾರದ ವಿಡಿಯೊ ನಡೆದಿದೆ, ನೋಡಿರಿ. ಆದರೆ ಅದಕ್ಕಿಂತ ಮುಖ್ಯವಾದ ಒಂದು ವಿನಂತಿ ಇದೆ. ನಿಮ್ಮಲ್ಲಿ ಯಾರಾದರೂ ಎಂದಾದರೂ ನನ್ನ ತರಗತಿಯಲ್ಲಿ ಸರಿಯಾದ ಪ್ರಶ್ನೆ ಕೇಳಿ ಏಟು ತಿಂದಿದ್ದರೆ, ದಯವಿಟ್ಟು ಫೋನು ಮಾಡಿರಿ. ನನಗೆ ನೆನಪಿರಲಾರದು. ನಿಮಗೆ ನೆನಪಿರುತ್ತದೆ. ಈ ಸಲ ಪ್ರಶ್ನೆಯನ್ನು ಪೂರ್ತಿ ಕೇಳುತ್ತೇನೆ.